ಕಾಮಿಕ್ಸ್ ಬಿಡಿಸಬೇಕೆನ್ನುವವರಿಗೆ: ಆನ್‌ಲೈನ್ ಪಾಠದಿಂದ ಕೈ ಪಳಗಿಸುವುದು ಹೇಗೆ?

"ಕಾಮಿಕ್ಸ್ ಬಿಡಿಸಬೇಕು, ಯಾವ ಆ್ಯಪ್ ಹಾಕ್ಕೊಳ್ಳಲಿ? ಯಾವ ಟ್ಯಾಬ್ ತಗೊಳ್ಳಲಿ?" ದಾವಣಗೆರೆ, ಹರಿಹರ, ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಓದುಗರಿಂದ ಬಿಡದೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಬಹಳಷ್ಟು ಮಂದಿಗೆ ಚಿತ್ರಕಲೆ ಹೊಸದಲ್ಲ. ಫೋಟೋ ಮೇಲೆ ಗ್ರಿಡ್ ಹಾಕಿಕೊಂಡು ಸಿನಿಮಾ ನಟನ ಮುಖವನ್ನು ಕೂದಲೆಳೆಯೂ ತಪ್ಪದಂತೆ ಶೇಡ್ ಮಾಡಬಲ್ಲವರು. ಅದೇ ಮುಖ ಕೆಳಗಿನಿಂದ ನೋಡಿದಾಗ ಹೇಗಿರುತ್ತದೆ, ಅರ್ಧ ಹೊರಳಿ ನಕ್ಕಾಗ ಹೇಗಿರುತ್ತದೆ, ಬಿಡಿಸಿ ತೋರಿಸಿ ಎಂದರೆ ಮಾತ್ರ ಕೈ ನಿಂತುಬಿಡುತ್ತದೆ. ಕಾಮಿಕ್ಸ್‌ಗೆ ಬೇಕಾದದ್ದು ಈ ಎರಡನೆಯ ಕೆಲಸವೇ. ಒಂದು ಪುಟದ ಐದಾರು ಪ್ಯಾನೆಲ್‌ಗಳಲ್ಲಿ (ಪ್ಯಾನೆಲ್ ಅಂದರೆ ಪುಟದ ಒಂದೊಂದು ಚೌಕ) ಒಂದೇ ಪಾತ್ರ ಐದಾರು ಕೋನದಿಂದ ಕಾಣಿಸಿಕೊಳ್ಳುತ್ತದೆ, ಅಷ್ಟಕ್ಕೂ ಫೋಟೋ ಸಿಗುವುದಿಲ್ಲ.

ಹಾಗಾಗಿ ಕೆಳಗಿನ ಹಂತಗಳಲ್ಲಿ ನಿಮ್ಮನ್ನು ನೀವು ಅಳೆದುಕೊಳ್ಳಲು ಒಂದೇ ಪರೀಕ್ಷೆ ಸಾಕು: ಈಗ ಬಿಡಿಸಿದ್ದನ್ನು ಬೇರೆ ಕಡೆಗೆ ತಿರುಗಿಸಿ, ಯಾವುದನ್ನೂ ನೋಡದೆ, ಇನ್ನೊಮ್ಮೆ ಬಿಡಿಸಲು ಬರುತ್ತದೆಯೇ? ಬಂದರೆ ಮುಂದಿನ ಹಂತಕ್ಕೆ ಹೋಗಿ. ದಿನಕ್ಕೆ ಒಂದು ಗಂಟೆ ಇಟ್ಟವರಿಗೆ ಇಷ್ಟೂ ಮುಗಿಯಲು ಆರೇಳು ತಿಂಗಳು ಹಿಡಿಯುತ್ತದೆ ಎಂದುಕೊಳ್ಳಿ.

ಏನೇನು ಬೇಕು

75 ಜಿಎಸ್‌ಎಂನ ಎ4 ಜೆರಾಕ್ಸ್ ಹಾಳೆಯ 500ರ ಒಂದು ಬಂಡಲ್ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ). ಎಚ್‌ಬಿ ಮತ್ತು 2ಬಿ ಪೆನ್ಸಿಲ್. ಎರಡು ಬಣ್ಣದ ಬಾಲ್ ಪೆನ್, ಒಂದು ಬಿಡಿಸಲು, ಇನ್ನೊಂದು ತಪ್ಪು ಗುರುತಿಸಲು. 0.5 ಮಿಲಿಮೀಟರಿನ ಒಂದು ಫೈನ್‌ಲೈನರ್ (ಸಣ್ಣ ತುದಿಯ ಇಂಕ್ ಪೆನ್). ಕ್ಲಿಪ್ ಇರುವ ಎಕ್ಸಾಮ್ ಪ್ಯಾಡ್. ಜೇಬಿನಲ್ಲೋ ಚೀಲದಲ್ಲೋ ಹಿಡಿಸುವ, ಗೆರೆ ಇಲ್ಲದ ಸಣ್ಣ ಪುಸ್ತಕ. ಇರುವ ಮೊಬೈಲ್ ಸಾಕು.

ಇಪ್ಪತ್ನಾಲ್ಕು ಪೆನ್ಸಿಲಿನ ಸೆಟ್, ದುಬಾರಿ ಮಾರ್ಕರ್, ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ಪೆನ್ನಿನಿಂದ ಬಿಡಿಸುವ ಹಲಗೆ) ಈಗ ಬೇಡ. ಒಳ್ಳೆಯ ದಪ್ಪ ಡ್ರಾಯಿಂಗ್ ಶೀಟ್ ಕೂಡ ಬೇಡ, ಯಾಕೆಂದರೆ ಹಾಳೆ ದುಬಾರಿಯಾದಷ್ಟೂ ಕೆಡಿಸಲು ಕೈ ಹೆದರುತ್ತದೆ, ಹೆದರಿದ ಕೈಯ ಗೆರೆ ನಡುಗುತ್ತದೆ. ಫೈನ್‌ಲೈನರನ್ನು ಒತ್ತಿ ಬರೆದರೆ ಅದರ ತುದಿ ಒಳಕ್ಕೆ ಕುಸಿಯುತ್ತದೆ, ಹಗುರವಾಗಿ ಹಿಡಿಯಿರಿ. ನಮ್ಮ ಕಡೆಯ ಏಪ್ರಿಲ್, ಮೇ ಸೆಕೆಯಲ್ಲಿ ಅಂಗೈ ಬೆವತು ಗೆರೆ ಅಳಿಸಿಹೋಗುವುದು ದಿನದ ಪಾಡು. ಕೈಯಡಿ ಒಂದು ತುಂಡು ಹಾಳೆ ಇಟ್ಟುಕೊಳ್ಳಿ.

ಹಂತ 1: ಎರಡೇ ಪಾಠ ಆರಿಸಿಕೊಳ್ಳಿ

ಯೂಟ್ಯೂಬ್‌ನಲ್ಲಿ ಪಾಠಕ್ಕೆ ಬರವಿಲ್ಲ, ಇರುವ ತೊಂದರೆಯೇ ಅದು. ನೂರು ವಿಡಿಯೊ ಸೇವ್ ಮಾಡಿಟ್ಟು ಒಂದನ್ನೂ ಬಿಡಿಸಿ ನೋಡದವರೇ ಹೆಚ್ಚು. ಗೆರೆ ಮತ್ತು ಆಕಾರಕ್ಕೆ ಒಂದು ಪಾಠ, ಮನುಷ್ಯನ ಮೈಗೆ ಒಂದು, ಅಷ್ಟೇ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಡ್ರಾ-ಅ-ಬಾಕ್ಸ್ ಎಂಬ ತಾಣ ಚೆನ್ನಾಗಿದೆ. ಉಚಿತ, ಅಭ್ಯಾಸಗಳು ಕ್ರಮವಾಗಿವೆ, ಯಾವ ತಪ್ಪು ಯಾಕಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳುತ್ತದೆ. ಎರಡನೆಯದಕ್ಕೆ ಯೂಟ್ಯೂಬ್‌ನ ಪ್ರೊಕೊ ಚಾನೆಲ್‌ನ ಉಚಿತ ವಿಡಿಯೊಗಳು ಸಾಕು.

ಎರಡೂ ಇಂಗ್ಲಿಷಿನಲ್ಲಿವೆ. ಸಬ್‌ಟೈಟಲ್ ಹಾಕಿ, ವೇಗವನ್ನು 0.75ಕ್ಕೆ ಇಳಿಸಿ. ಕಂಪ್ಯೂಟರಿನಲ್ಲಿ ನೋಡುವವರು ವಿಡಿಯೊ ನಿಲ್ಲಿಸಿ ಕೀಬೋರ್ಡಿನ ಕಾಮಾ ಮತ್ತು ಫುಲ್‌ಸ್ಟಾಪ್ ಒತ್ತಿದರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಯುತ್ತದೆ. ಗುರುವಿನ ಮಾತಿಗಿಂತ ಅವರ ಕೈ ನೋಡಿ: ಪೆನ್ ಎಲ್ಲಿಂದ ಹೊರಟಿತು, ಯಾವ ಗೆರೆ ಮೊದಲು ಬಿತ್ತು, ಮಣಿಕಟ್ಟು ಆಡಿತೋ ತೋಳು ಆಡಿತೋ.

ಹತ್ತು ನಿಮಿಷ ನೋಡಿದರೆ ಮೂವತ್ತು ನಿಮಿಷ ಬಿಡಿಸಬೇಕು. ಡ್ರಾ-ಅ-ಬಾಕ್ಸ್‌ನವರು ಇನ್ನೊಂದು ನಿಯಮ ಹಾಕುತ್ತಾರೆ: ಚಿತ್ರಕ್ಕೆ ಕೊಡುವ ಒಟ್ಟು ಸಮಯದಲ್ಲಿ ಅರ್ಧ ಅಭ್ಯಾಸಕ್ಕೆ, ಉಳಿದರ್ಧ ನಿಮ್ಮ ಖುಷಿಗೆ, ಚೆನ್ನಾಗಿ ಬಂತೋ ಇಲ್ಲವೋ ಎಂದು ನೋಡದೆ. ಇದನ್ನು ಹಗುರವಾಗಿ ತಳ್ಳಿಹಾಕಬೇಡಿ. ಬರೀ ಅಭ್ಯಾಸಕ್ಕೆ ಕೂತವರು ಎರಡನೇ ತಿಂಗಳಿಗೆ ಬೇಸತ್ತು ಬಿಡುತ್ತಾರೆ.

ಸ್ಪೀಡ್ ಡ್ರಾಯಿಂಗ್, ಅಂದರೆ ನಾಲ್ಕು ಗಂಟೆಯ ಕೆಲಸವನ್ನು ನಾಲ್ಕು ನಿಮಿಷಕ್ಕೆ ಓಡಿಸಿ ತೋರಿಸುವ ವಿಡಿಯೊ, ಪಾಠವಲ್ಲ. ಊಟ ಮಾಡುತ್ತಾ ನೋಡಿಕೊಳ್ಳಿ.

ಹಂತ 2: ಗೆರೆ

ಶೇಡಿಂಗ್ ಚಿತ್ರದಲ್ಲಿ ಗೆರೆ ಕೊನೆಗೆ ಮಾಯವಾಗುತ್ತದೆ. ಕಾಮಿಕ್ಸ್‌ನಲ್ಲಿ ಇಂಕಿನ ಗೆರೆಯೇ ಚಿತ್ರ, ಮುಚ್ಚಿಡಲು ಜಾಗವಿಲ್ಲ. ಆದ್ದರಿಂದ ಗೆರೆಯಭ್ಯಾಸವನ್ನು ಪೆನ್ನಿನಲ್ಲೇ ಮಾಡಿ. ಅಳಿಸಲು ಬಾರದು ಎಂದು ಗೊತ್ತಿದ್ದಾಗ ಕೈ ಮೊದಲು ಯೋಚಿಸುತ್ತದೆ.

ಹಾಳೆಯಲ್ಲಿ ಎರಡು ಚುಕ್ಕಿ ಇಡಿ. ಹಾಳೆಯನ್ನು ನಿಮ್ಮ ಕೈಗೆ ಸಲೀಸಾಗುವಂತೆ ತಿರುಗಿಸಿಕೊಳ್ಳಿ. ಪೆನ್ ಹಾಳೆಗೆ ತಾಗದಂತೆ ಗಾಳಿಯಲ್ಲಿ ಎರಡು ಮೂರು ಸಲ ಆ ಚುಕ್ಕಿಯಿಂದ ಈ ಚುಕ್ಕಿಗೆ ಓಡಿಸಿ, ಆಮೇಲೆ ಒಂದೇ ಎಳೆತಕ್ಕೆ ಎಳೆಯಿರಿ. ಈ ಗಾಳಿ ಎಳೆತಕ್ಕೆ ಘೋಸ್ಟಿಂಗ್ ಎನ್ನುತ್ತಾರೆ. ಎಳೆತ ಭುಜದಿಂದ ಬರಬೇಕು. ಚುಕ್ಕಿ ರಂಗೋಲಿ ಹಾಕುವವರ ಕೈ ಒಮ್ಮೆ ಗಮನಿಸಿ, ಅವರ ಗೆರೆ ನಡುವೆ ತಡವರಿಸುವುದಿಲ್ಲ, ಹಾಗೆ. ಇನ್ನೊಂದು ಅಭ್ಯಾಸ: ಸ್ಕೇಲಿನಿಂದ ಒಂದು ಗೆರೆ ಎಳೆದು, ಅದರ ಮೇಲೆಯೇ ಬರಿಗೈಯಲ್ಲಿ ಎಂಟು ಸಲ ಎಳೆಯಿರಿ.

ಗೆರೆ ಸಣ್ಣ ಸಣ್ಣ ತುಂಡುಗಳ ಸಿಕ್ಕಾಗಿ ಬಂದರೆ ನೀವು ಮಣಿಕಟ್ಟಿನಿಂದ ಎಳೆಯುತ್ತಿದ್ದೀರಿ ಅಥವಾ ತುಂಬ ನಿಧಾನಿಸಿದ್ದೀರಿ. ಎಂಟೂ ಗೆರೆ ಹೊರಡುವ ಕಡೆಯಲ್ಲೇ ಚದುರಿದ್ದರೆ ಪೆನ್ ಇಡುವಾಗ ಅವಸರ ಮಾಡಿದ್ದೀರಿ. ಕೊನೆಯಲ್ಲಿ ಮಾತ್ರ ಚದುರಿದ್ದರೆ ಚಿಂತೆ ಬೇಡ, ಅಭ್ಯಾಸದಿಂದ ಸರಿಹೋಗುತ್ತದೆ. ಉದ್ದ ಗೆರೆ ಬಿಲ್ಲಿನಂತೆ ಬಾಗಿದರೆ ಮೊಣಕೈ ಊರಿದ್ದೀರಿ. ಚುಕ್ಕಿ ತಪ್ಪಿಹೋಯಿತೇ? ಹೋಗಲಿ. ಗುರಿ ತಪ್ಪಿದ ನೇರ ಗೆರೆಗೆ ಗುರಿ ಮುಟ್ಟಿದ ನಡುಗು ಗೆರೆಗಿಂತ ಹೆಚ್ಚು ಬೆಲೆ.

ಜೊತೆಗೆ ದೀರ್ಘವೃತ್ತ, ಅಂದರೆ ಓರೆಯಿಂದ ನೋಡಿದಾಗ ಲೋಟದ ಬಾಯಿ ಕಾಣುವ ಆಕಾರ. ಪ್ರತಿಯೊಂದನ್ನೂ ನಿಲ್ಲಿಸದೆ ಎರಡು ಸುತ್ತು ಸುತ್ತಿ. ಎರಡು ವಾರವಾದ ಮೇಲೆ ಇವೆಲ್ಲ ದಿನದ ಹತ್ತು ನಿಮಿಷದ, ಕೈ ಬಿಸಿ ಮಾಡುವ ಅಭ್ಯಾಸವಾಗಿ ಉಳಿದರೆ ಸಾಕು.

ಹಂತ 3: ಪೆಟ್ಟಿಗೆ ಮತ್ತು ಪರ್ಸ್‌ಪೆಕ್ಟಿವ್

ಇಲ್ಲಿ ಸಾವಕಾಶವಾಗಿ ನಿಲ್ಲಿ. ಎಲ್ಲರೂ ಹಾರಿಸುವ ಹಂತ ಇದು, ಎಲ್ಲರ ಪುಟವೂ ಸೊರಗುವುದು ಇದರಿಂದಲೇ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ಲೆಕ್ಕವೇ ಪರ್ಸ್‌ಪೆಕ್ಟಿವ್. ಅದರಲ್ಲಿ ಎರಡು ಸಂಗತಿ ಮುಖ್ಯ. ಒಂದು, ಕಣ್ಣಿನ ಮಟ್ಟ: ನಿಮ್ಮ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಆ ಎತ್ತರದಲ್ಲಿ ಚಿತ್ರದ ಉದ್ದಕ್ಕೂ ಹಾಯುವ ಅಡ್ಡ ಗೆರೆ. ಇನ್ನೊಂದು, ಕೂಡು ಬಿಂದು: ಸಮಾನಾಂತರ ಗೆರೆಗಳು ದೂರ ಹೋಗಿ ಸೇರಿದಂತೆ ಕಾಣುವ ಜಾಗ, ಪಾಠಗಳಲ್ಲಿ ವ್ಯಾನಿಷಿಂಗ್ ಪಾಯಿಂಟ್ ಎನ್ನುತ್ತಾರೆ.

ದಾವಣಗೆರೆ ರೈಲ್ವೆ ನಿಲ್ದಾಣದ ಪ್ಲಾಟ್‌ಫಾರ್ಮ್ ಮೇಲೆ ಹಳಿಯ ದಿಕ್ಕಿಗೆ ಮುಖ ಮಾಡಿ ನಿಂತರೆ ಹಳಿ, ಅಂಚು, ಚಾವಣಿ ಎಲ್ಲವೂ ಒಂದೇ ಬಿಂದುವಿಗೆ ಓಡುವುದು ಕಾಣುತ್ತದೆ. ಅಲ್ಲಿಯೇ ಇನ್ನೊಂದು ನೋಡಿ. ನಿಂತು ನೋಡಿದಾಗ ನಿಮ್ಮಷ್ಟೇ ಎತ್ತರದವರ ತಲೆಗಳೆಲ್ಲ, ಹತ್ತಿರದವರದಿರಲಿ ದೂರದವರದಿರಲಿ, ಸುಮಾರು ಒಂದೇ ಮಟ್ಟದಲ್ಲಿವೆ, ಕಾಲುಗಳು ಮಾತ್ರ ಮೇಲೆ ಕೆಳಗೆ. ಬೆಂಚಿನ ಮೇಲೆ ಕೂತು ನೋಡಿದರೆ ಆ ಅಡ್ಡ ಗೆರೆ ನಿಂತವರೆಲ್ಲರ ಎದೆಯ ಆಸುಪಾಸಿನಲ್ಲಿ ಹಾಯುತ್ತದೆ. ಜಾತ್ರೆಯ ಜನವನ್ನು ಪ್ಯಾನೆಲ್‌ನಲ್ಲಿ ನಿಲ್ಲಿಸಬೇಕಾದಾಗ ಇದೊಂದೇ ಸೂತ್ರ ಸಾಕು. ಇದು ಗೊತ್ತಿಲ್ಲದ ಚಿತ್ರದಲ್ಲಿ ಹಿಂದೆ ನಿಂತವರು ಕುಳ್ಳರಂತೆಯೋ ಗಾಳಿಯಲ್ಲಿ ತೇಲುವವರಂತೆಯೋ ಕಾಣುತ್ತಾರೆ.

ಇನ್ನು ಪೆಟ್ಟಿಗೆ. ಡ್ರಾ-ಅ-ಬಾಕ್ಸ್‌ನಲ್ಲಿ 250 ಪೆಟ್ಟಿಗೆಯ ಸವಾಲು ಇದೆ. ಬೇರೆ ಬೇರೆ ದಿಕ್ಕಿಗೆ ತಿರುಗಿದ ಪೆಟ್ಟಿಗೆಗಳನ್ನು ಬರಿಗೈಯಲ್ಲಿ, ಒಂದು ಹಾಳೆಗೆ ಐದಾರರಂತೆ ಬಿಡಿಸುತ್ತೀರಿ. ಹಾಳೆ ಮುಗಿದ ಮೇಲೆ ಇನ್ನೊಂದು ಬಣ್ಣದ ಪೆನ್ನಿನಿಂದ ಪ್ರತಿ ಪೆಟ್ಟಿಗೆಯ ಅಂಚುಗಳನ್ನು ನಿಮ್ಮಿಂದ ದೂರ ಹೋಗುವ ದಿಕ್ಕಿಗೆ ಉದ್ದ ಮಾಡಿ. ಒಂದೇ ಗುಂಪಿನ, ಅಂದರೆ ನಿಜದಲ್ಲಿ ಸಮಾನಾಂತರವಾದ ಅಂಚುಗಳ ನಾಲ್ಕು ಗೆರೆ ಹೋಗುತ್ತಾ ಹತ್ತಿರವಾಗಬೇಕು. ಒಂದು ಗೆರೆ ಅಡ್ಡ ದಾರಿ ಹಿಡಿದಿದ್ದರೆ ಆ ಮೂಲೆ ತಪ್ಪಿದೆ ಎಂದರ್ಥ. ಸಾಮಾನ್ಯವಾಗಿ ಕೆಡುವುದು ಹಿಂದಿನ, ಕಾಣದ ಮೂಲೆ. ದಿನಕ್ಕೆ ಒಂದು ಹಾಳೆ ಸಾಕು, ಒಂದೇ ಭಾನುವಾರಕ್ಕೆ ಐವತ್ತು ಮುಗಿಸಲು ಹೋಗಬೇಡಿ. ಬಣ್ಣದ ಗೆರೆ ಹಾಕದೆ ಬಿಡಿಸಿದ ಪೆಟ್ಟಿಗೆ ಲೆಕ್ಕಕ್ಕಿಲ್ಲ, ಕಲಿಕೆ ಇರುವುದೇ ಆ ಗೆರೆಯಲ್ಲಿ.

ಕಟ್ಟಡ ಬಿಡಿಸುವಾಗ ಎರಡು ಕೂಡು ಬಿಂದುಗಳನ್ನೂ ಹಾಳೆಯೊಳಗೆ ಇಟ್ಟರೆ ಮನೆಯ ಮೂಲೆ ಈಟಿಯಂತೆ ಚೂಪಾಗಿ ಮುಂದಕ್ಕೆ ಚಾಚುತ್ತದೆ. ಬಿಂದುಗಳು ತೀರ ಹತ್ತಿರವಾದದ್ದೇ ಇದಕ್ಕೆ ಕಾರಣ. ನೆಲದ ಮೇಲೆ ಹಳೇ ಪೇಪರ್ ಹರಡಿ, ನಡುವೆ ನಿಮ್ಮ ಹಾಳೆ ಅಂಟಿಸಿ, ಬಿಂದುಗಳನ್ನು ಪೇಪರಿನ ಅಂಚಿನಲ್ಲಿ ಗುರುತಿಸಿ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂತವರಿಗೆ ಸ್ಕೇಲು, ಅಳತೆ ಹೊಸದಲ್ಲ. ಅವರಿಗೆ ಕಷ್ಟವಾಗುವುದು ಸ್ಕೇಲನ್ನು ಬದಿಗಿಟ್ಟು ಬರಿಗೈಗೆ ಬರುವುದು.

ಚಿತ್ರದುರ್ಗದವರಿಗೆ ಬೇರೆ ಗುರು ಬೇಕಿಲ್ಲ, ಕೋಟೆಯಿದೆ. ದುಂಡನೆಯ ಬಂಡೆಯನ್ನು ಹೊರಗೆರೆಯಿಂದ ಶುರು ಮಾಡಿದರೆ ಚಪ್ಪಟೆ ಹಪ್ಪಳವಾಗುತ್ತದೆ. ಮೊದಲು ಪೆಟ್ಟಿಗೆ ಬಿಡಿಸಿ, ಮೂಲೆಗಳನ್ನು ಕೆತ್ತಿ, ಮೇಲ್ಮೈ ಯಾವುದು, ಬದಿ ಯಾವುದು ಎಂದು ಬೇರೆ ಮಾಡಿ. ಬೆಳಗ್ಗೆ ಇಲ್ಲವೆ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ಹೋದರೆ ನೆರಳೇ ಆ ಭಾಗಗಳನ್ನು ಬೇರೆ ಮಾಡಿ ತೋರಿಸುತ್ತದೆ. ಬಾಗಿಲುಗಳ ಬುಡದಲ್ಲಿ ನಿಂತು ಗೋಡೆಯನ್ನು ತಲೆಯೆತ್ತಿ ನೋಡಿ: ನೆಟ್ಟನೆಯ ಅಂಚುಗಳೂ ಮೇಲೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಅದೇ ಮೂರನೆಯ ಕೂಡು ಬಿಂದು.

ಈ ಹಂತದ ಪರೀಕ್ಷೆಗೆ ಆಟೋ ಒಳ್ಳೆಯದು. ಒಂದು ಪೆಟ್ಟಿಗೆ, ಮುಂದಕ್ಕೆ ಇಳಿಜಾರು, ಮೂರು ಚಕ್ರಕ್ಕೆ ಮೂರು ದೀರ್ಘವೃತ್ತ. ಮುಂದಿನಿಂದ ನೋಡಿ ಒಂದು ಸಲ ಬಿಡಿಸಿ, ಆಮೇಲೆ ಎರಡನೇ ಮಹಡಿಯಿಂದ ಕಂಡಂತೆ, ಯಾವುದನ್ನೂ ನೋಡದೆ.

ಹಂತ 4: ಭಂಗಿ

ಜೆಸ್ಚರ್ ಎನ್ನುವುದು ಮೈಯ ಒಟ್ಟು ಹರಿವನ್ನು ಕೆಲವೇ ಸೆಕೆಂಡಿನಲ್ಲಿ ಹಿಡಿಯುವ ಅಭ್ಯಾಸ. ತಲೆಯಿಂದ ಭಾರ ಹೊತ್ತ ಪಾದದವರೆಗೆ ಹಾಯುವ ಒಂದು ಮುಖ್ಯ ಗೆರೆ ಮೊದಲು. ಆಮೇಲೆ ಎದೆಗೂಡಿಗೆ ಒಂದು ಮೊಟ್ಟೆ, ಸೊಂಟಕ್ಕೆ ಇನ್ನೊಂದು. ಅವೆರಡು ಯಾವ ಕಡೆ ವಾಲಿವೆ ಎಂಬುದರಲ್ಲೇ ಭಂಗಿಯ ಜೀವ ಇದೆ. ಮುಖ, ಬೆರಳು, ಗುಂಡಿ ಯಾವುದೂ ಈಗ ಬೇಡ.

ಲೈನ್ ಆಫ್ ಆ್ಯಕ್ಷನ್ ಎಂಬ ತಾಣ ಸಮಯಕ್ಕೆ ಸರಿಯಾಗಿ ಫೋಟೋ ಬದಲಿಸುತ್ತಾ ಹೋಗುತ್ತದೆ. 30 ಸೆಕೆಂಡಿನವು ಹತ್ತು, ಒಂದು ನಿಮಿಷದವು ಹತ್ತು, ಎರಡು ನಿಮಿಷದವು ಐದು, ಒಟ್ಟು 25 ನಿಮಿಷ. ಅಲ್ಲಿ ಬೆತ್ತಲೆ ಮಾಡೆಲ್‌ಗಳ ಫೋಟೋಗಳೂ ಬರುತ್ತವೆ. ಮನೆಯ ಹಾಲ್‌ನಲ್ಲಿ ಎಲ್ಲರ ನಡುವೆ ಕೂತು ಅಭ್ಯಾಸ ಮಾಡುವವರು ಮೊದಲೇ ಸೆಟ್ಟಿಂಗ್‌ನಲ್ಲಿ ಬಟ್ಟೆ ತೊಟ್ಟವರನ್ನು ಮಾತ್ರ ಆರಿಸಿಕೊಳ್ಳಿ.

ವಾರಕ್ಕೊಮ್ಮೆಯಾದರೂ ಪುಸ್ತಕ ಹಿಡಿದು ಹೊರಗೆ ಹೋಗಿ. ಭಾರ ಎಂದರೇನು ಎಂಬುದನ್ನು ಫೋಟೋ ಹೇಳುವುದಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತ ಹಮಾಲರು ಹೇಳುತ್ತಾರೆ: ಚೀಲ ಬೆನ್ನಿಗೆ ಬಿದ್ದ ಕೂಡಲೇ ಎದೆ ಮುಂದಕ್ಕೆ ಬಾಗುತ್ತದೆ, ಮೊಣಕಾಲು ಮಡಿಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಆಳು ಮತ್ತು ಚೀಲ ಎರಡರ ಒಟ್ಟು ಭಾರದ ನಡುವಿನಿಂದ ಒಂದು ತೂಗುಗುಂಡು ಇಳಿಬಿಟ್ಟರೆ ಅದು ಎರಡು ಪಾದಗಳ ನಡುವೆಯೇ ಬೀಳಬೇಕು. ಬೀಳದಿದ್ದರೆ ನಿಮ್ಮ ಚಿತ್ರದ ಆಳು ಮುಗ್ಗರಿಸುತ್ತಿದ್ದಾನೆ. ಬೆಳಗಿನ ಹೊತ್ತು ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ನಡೆಯುವವರು ಸಿಗುತ್ತಾರೆ, ಒಂದೇ ನಡಿಗೆ ಮತ್ತೆ ಮತ್ತೆ ನೋಡಲು ಅನುಕೂಲ. ಯಾರಾದರೂ "ಏನ್ ಬರೀತಿದೀಯಪ್ಪಾ?" ಎಂದರೆ ಪುಸ್ತಕ ತೋರಿಸಿ, ಬೇಡ ಎಂದರೆ ಮುಚ್ಚಿಡಿ.

ಇಲ್ಲಿ ಎರಡು ತಪ್ಪು ಮಾಮೂಲು. ಮೊದಲನೆಯದು, ತಲೆಯನ್ನು ಅಚ್ಚುಕಟ್ಟಾಗಿ ಮುಗಿಸಿ ಕೆಳಗಿಳಿಯುವುದು, ಅಷ್ಟರಲ್ಲಿ ಸಮಯವೂ ಹಾಳೆಯೂ ಮುಗಿದಿರುತ್ತದೆ. ಎರಡನೆಯದು, ಕೈಕಾಲಿನ ಉಬ್ಬನ್ನು ಎರಡೂ ಬದಿಗೆ ಎದುರುಬದುರಾಗಿ ಇಡುವುದು. ನಿಜದಲ್ಲಿ ಒಂದು ಬದಿಯ ಉಬ್ಬು ಮೇಲಿದ್ದರೆ ಇನ್ನೊಂದು ಬದಿಯದು ತುಸು ಕೆಳಗಿರುತ್ತದೆ. ನಿಮ್ಮ ಮೀನಖಂಡವನ್ನೇ ಕನ್ನಡಿಯಲ್ಲಿ ನೋಡಿಕೊಳ್ಳಿ.

ಹಂತ 5: ಅಳತೆ, ಮುಖ, ಬಟ್ಟೆ

ಬೆಳೆದವರ ಎತ್ತರ ಸುಮಾರು ಏಳೂವರೆ ತಲೆ, ಕಾಮಿಕ್ಸ್‌ನ ಧೀರ ಪಾತ್ರಗಳಿಗೆ ಎಂಟು ಇಲ್ಲವೆ ತುಸು ಹೆಚ್ಚು. ತಲೆಯ ನೆತ್ತಿಯಿಂದ ಪಾದಕ್ಕೆ ಅರ್ಧದಲ್ಲಿ ತೊಡೆಸಂದು, ಕೈ ಇಳಿಬಿಟ್ಟರೆ ಮಣಿಕಟ್ಟೂ ಅಲ್ಲಿಗೇ. ಕಣ್ಣು ಇರುವುದು ತಲೆಯ ಸರಿ ಅರ್ಧದಲ್ಲಿ. ಹೊಸಬರು ತಪ್ಪದೆ ಮೇಲಕ್ಕಿಡುತ್ತಾರೆ, ಮೆದುಳಿಗೆ ಜಾಗವೇ ಇರುವುದಿಲ್ಲ! ಮುಖವನ್ನು ತಿರುಗಿಸಿ ಬಿಡಿಸಲು ಲೂಮಿಸ್ ವಿಧಾನ ಎಂದು ಹುಡುಕಿ: ಒಂದು ಚೆಂಡು, ಅದರ ಎರಡೂ ಬದಿ ತುಸು ಕತ್ತರಿಸಿ, ಹುಬ್ಬಿನ ಅಡ್ಡ ಗೆರೆ ಮತ್ತು ಮೂಗಿನ ನಡುಗೆರೆ ಸುತ್ತಿ, ಕೆಳಗೆ ದವಡೆ ಕೂಡಿಸುವುದು. ದಿನಕ್ಕೆ ಹತ್ತು ಚೆಂಡು, ಹತ್ತು ದಿಕ್ಕಿಗೆ. ಕಣ್ಣು ಮೂಗು ಹಾಕದಿದ್ದರೂ ಯಾವ ಕಡೆ ನೋಡುತ್ತಿದ್ದಾರೆಂದು ಗೊತ್ತಾಗಬೇಕು.

ಕೈ ಬಿಡಿಸಲು ಬರದೆ ಎಲ್ಲ ಪಾತ್ರಗಳ ಕೈಯನ್ನೂ ಜೇಬಿಗೆ ತುರುಕುವವರಿದ್ದಾರೆ. ಅಂಗೈಯನ್ನು ತೆಳು ಪೆಟ್ಟಿಗೆಯಾಗಿ, ನಾಲ್ಕು ಬೆರಳನ್ನು ಒಂದೇ ಗುಂಪಾಗಿ ಹಾಕಿ, ಹೆಬ್ಬೆರಳನ್ನು ಬೇರೆ ಮಾಡಿ. ಬೆರಳುಗಳನ್ನು ಆಮೇಲೆ ಬಿಡಿಸಬಹುದು.

ಬಟ್ಟೆಯ ವಿಷಯದಲ್ಲಿ ಆನ್‌ಲೈನ್ ಪಾಠಗಳು ಅರ್ಧ ದಾರಿಗೆ ಕೈಬಿಡುತ್ತವೆ. ಜಾಕೆಟ್ಟು, ಜೀನ್ಸು ಎಷ್ಟು ಬೇಕಾದರೂ ಸಿಗುತ್ತವೆ, ಸೀರೆ, ಪಂಚೆ, ಲುಂಗಿ, ರುಮಾಲು ಸಿಗುವುದು ಅಪರೂಪ. ಸೂತ್ರ ಅದೇ: ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಂದ ಮಡಿಕೆಗಳು ಹೊರಡುತ್ತವೆ. ಸೀರೆಯಲ್ಲಿ ನೆರಿಗೆ ಸಿಕ್ಕಿಸಿದ ಹೊಟ್ಟೆಯ ಬಳಿ, ಸೆರಗು ಕೂತ ಎಡ ಭುಜದ ಬಳಿ. ಎತ್ತಿ ಕಟ್ಟಿದ ಲುಂಗಿಯಲ್ಲಿ ಗಂಟಿನ ಬಳಿ. ಅಮ್ಮನೋ ಅಜ್ಜಿಯೋ ನೆಲಕ್ಕೆ ಕೂತು ತರಕಾರಿ ಹೆಚ್ಚುವಾಗ ಸೀರೆ ಮೊಣಕಾಲಿನ ಮೇಲೆ ಹೇಗೆ ಬಿಗಿಯಾಗುತ್ತದೆ ನೋಡಿ ಬಿಡಿಸಿ.

ಹಂತ 6: ಒಂದೇ ಪಾತ್ರ, ಎಲ್ಲ ಕಡೆಯಿಂದ

ಒಂದು ಪಾತ್ರ ಕಟ್ಟಿ. ಹಾಳೆಯನ್ನು ಅಡ್ಡ ಇಟ್ಟು ನೆತ್ತಿ, ಕಣ್ಣು, ಭುಜ, ಸೊಂಟ, ಮೊಣಕಾಲು, ಪಾದದ ಮಟ್ಟಕ್ಕೆ ಉದ್ದ ಗೆರೆ ಎಳೆದು, ಅದರ ಮೇಲೆ ಎದುರಿನಿಂದ, ಮುಕ್ಕಾಲು ತಿರುಗಿ, ಪಕ್ಕದಿಂದ, ಬೆನ್ನಿನಿಂದ ನಾಲ್ಕು ಸಲ ನಿಲ್ಲಿಸಿ. ಇದು ಮಾಡೆಲ್ ಶೀಟ್. ಕೆಳಗೆ ಆರು ಮುಖಭಾವ: ನಗು, ಸಿಟ್ಟು, ಅಳು, ಅಂಜಿಕೆ, ಬೇಸರ, ಅನುಮಾನ. ಆಮೇಲೆ ಪಾತ್ರವನ್ನು ಪೂರ್ತಿ ಕಪ್ಪು ತುಂಬಿಸಿ ನೋಡಿ, ನೆರಳಿನಿಂದಲೇ ಇವರು ಯಾರು ಎಂದು ತಿಳಿಯದಿದ್ದರೆ ಜುಟ್ಟೋ, ಹೊಟ್ಟೆಯೋ, ಹೆಗಲ ಟವೆಲ್ಲೋ ಏನಾದರೂ ಬದಲಿಸಿ. ಮರುದಿನ ಶೀಟ್ ನೋಡದೆ ಅದೇ ಪಾತ್ರ ಓಡುತ್ತಿರುವಂತೆ ಬಿಡಿಸಿ.

ಹಂತ 7: ಮೊದಲ ಪುಟ

ಚಿತ್ರದುರ್ಗದ ಕಡೆಯವರ ಮೊದಲ ಕತೆ ಸಾಮಾನ್ಯವಾಗಿ ಓಬವ್ವ. ಬೇಡ ಎನ್ನುತ್ತೇವೆ. ಸೈನ್ಯ, ಕುದುರೆ, ಹಳೆಯ ಕಾಲದ ಉಡುಪು, ಬಂಡೆ, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಕೋಟೆಯ ಆ ಕಿಂಡಿಯನ್ನು ಬೇಕಾದರೆ ಕೋನದ ಅಭ್ಯಾಸಕ್ಕೆ ಇಟ್ಟುಕೊಳ್ಳಿ: ತೂರಿ ಬರುವವನ ಕಣ್ಣಿಂದ, ಒನಕೆ ಎತ್ತಿದವಳ ಕಣ್ಣಿಂದ, ಮೇಲಿನ ಬಂಡೆಯಿಂದ. ಕತೆಗೆ ಚಿಕ್ಕದು ಆರಿಸಿ. ಬಸ್ಸಿನಲ್ಲಿ ಚಿಲ್ಲರೆ ಜಗಳ, ಮಂಡಕ್ಕಿ ಅಂಗಡಿಯಲ್ಲಿ ಕೊನೆಯ ಮಿರ್ಚಿಗೆ ಇಬ್ಬರು. ನಾಲ್ಕರಿಂದ ಆರು ಪ್ಯಾನೆಲ್.

ಮೊದಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಅಳತೆಯಲ್ಲಿ ಕಿರುನಕ್ಷೆ, ಅಂದರೆ ಥಂಬ್‌ನೇಲ್. ಒಂದೇ ಪುಟಕ್ಕೆ ಮೂರು ಬೇರೆ ಬೇರೆ. ಇಬ್ಬರು ಮಾತಾಡುತ್ತಿದ್ದರೆ ಅವರ ನಡುವೆ ಒಂದು ಗೆರೆ ಇದೆ ಎಂದುಕೊಂಡು ಅದರ ಒಂದೇ ಬದಿಯಿಂದ ನೋಡಿ. ದಾಟಿದರೆ ಎಡಗಡೆಯವರು ಬಲಕ್ಕೆ ಜಿಗಿದು ಓದುಗರು ಗಲಿಬಿಲಿಯಾಗುತ್ತಾರೆ. ಮೊದಲು ಮಾತಾಡುವವರು ಎಡಕ್ಕಿರಲಿ.

ಮಾತಿನ ಬಲೂನಿನಲ್ಲಿ ಕನ್ನಡಕ್ಕೆ ತನ್ನದೇ ಲೆಕ್ಕವಿದೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು, ಕೊನೆಯ ಸಾಲಿನ ಕೆಳಗೂ ಜಾಗ ಬಿಡಬೇಕು. ನಮ್ಮ ಪದಗಳು ಉದ್ದ, ಇಂಗ್ಲಿಷ್ ಪಾಠದಲ್ಲಿ ತೋರಿಸುವ ಕಿರಿದಾದ ಉದ್ದ ಬಲೂನಿನಲ್ಲಿ 'ಹೋಗಬೇಕಾಗಿತ್ತಲ್ಲವೇ' ಹಿಡಿಸುವುದಿಲ್ಲ. ಬಲೂನನ್ನು ಅಗಲವಾಗಿಸಿ, ಮಾತನ್ನು ಆಡುಮಾತಿಗೆ ಇಳಿಸಿ. ಕಿರುಚಿದ್ದನ್ನು ತೋರಿಸಲು ಇಂಗ್ಲಿಷಿನವರಂತೆ ದೊಡ್ಡಕ್ಷರ ನಮಗಿಲ್ಲ, ಅಕ್ಷರವನ್ನೇ ದಪ್ಪ ಮಾಡಿ. ಎಲ್ಲಕ್ಕಿಂತ ಮುಖ್ಯ: ಪೆನ್ಸಿಲಿನಲ್ಲಿ ಅಕ್ಷರ ಮೊದಲು ಬರೆಯಿರಿ, ಬಲೂನು ಆಮೇಲೆ, ಚಿತ್ರ ಅದರ ನಂತರ. ತಿರುವುಮುರುವಾದರೆ ಮಾತು ಪಾತ್ರದ ತಲೆ ಮೇಲೆ ಹತ್ತಿ ಕೂರುತ್ತದೆ.

ಹಂತ 8: ಕಂಪ್ಯೂಟರ್, ಮೊಬೈಲ್

ಈಗ ಆ್ಯಪ್ ವಿಷಯ. ಕಂಪ್ಯೂಟರ್ ಇದ್ದರೆ ಕ್ರಿಟಾ, ಪೂರ್ತಿ ಉಚಿತ. ಮೊಬೈಲಿಗೆ ಐಬಿಸ್ ಪೇಂಟ್. ಬೆರಳಿಗಾಗಲಿ ಅಗ್ಗದ ರಬ್ಬರ್ ತುದಿಯ ಕಡ್ಡಿಗಾಗಲಿ ಒತ್ತಡ ತಿಳಿಯುವುದಿಲ್ಲ, ಗೆರೆ ಒಂದೇ ದಪ್ಪ ಬರುತ್ತದೆ. ಅದಕ್ಕೆ ಪೆನ್ ಟ್ಯಾಬ್ಲೆಟ್ ಬೇಕು. ಮೊಬೈಲಿಗೆ ಜೋಡಿಸುವುದಾದರೆ ಆಂಡ್ರಾಯ್ಡ್‌ಗೆ ಹೊಂದುತ್ತದೆಯೇ ಎಂದು ಕೊಳ್ಳುವ ಮುಂಚೆ ನೋಡಿ. ಮುದ್ರಿಸುವ ಎ4 ಪುಟಕ್ಕೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿಯ ಲೆಕ್ಕ) 2480 × 3508 ಪಿಕ್ಸೆಲ್ ಇಟ್ಟುಕೊಳ್ಳಿ. ಕಡಿಮೆಯಲ್ಲಿ ಶುರುಮಾಡಿ ಆಮೇಲೆ ಹಿಗ್ಗಿಸಿದರೆ ಗೆರೆ ಮಸುಕಾಗುತ್ತದೆ. ಪೆನ್ಸಿಲ್, ಇಂಕ್, ಬಣ್ಣ, ಅಕ್ಷರ ಬೇರೆ ಬೇರೆ ಲೇಯರ್‌ನಲ್ಲಿರಲಿ (ಲೇಯರ್ ಅಂದರೆ ಆ್ಯಪ್‌ನಲ್ಲಿ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆ).

ಅಕ್ಷರ ಟೈಪಿಸುವುದಾದರೆ ಯೂನಿಕೋಡ್ ಫಾಂಟ್ ಬಳಸಿ. ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ, ಅಕಾಯ ಕನಡಕ (Akaya Kanadaka) ಉಚಿತವಾಗಿವೆ. ಮೊದಲು 'ಸ್ತ್ರೀ', 'ರಾಷ್ಟ್ರ', 'ಜ್ಞಾನ' ಟೈಪಿಸಿ ನೋಡಿ. ಒತ್ತಕ್ಷರ ಒಡೆದು ಕಂಡರೆ ಆ ಆ್ಯಪ್‌ನಲ್ಲಿ ಚಿತ್ರ ಮಾತ್ರ ಮಾಡಿ, ಅಕ್ಷರವನ್ನು ಇಂಕ್‌ಸ್ಕೇಪ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಕೂಡಿಸಿ, ಅದೂ ಉಚಿತ.

ಕಾಗದದ ಪುಟವನ್ನು ಫೋಟೋ ತೆಗೆಯುವಾಗ ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಮೊಬೈಲ್ ಹಾಳೆಗೆ ಸಮನಾಗಿರಲಿ, ಫ್ಲ್ಯಾಶ್ ಬೇಡ. ತೋರಿಸಲು ಊರಲ್ಲೇ ಜನ ಇದ್ದಾರೆ: ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಪ್ರದರ್ಶನ ಇಟ್ಟಾಗ ಹೋಗಿ ಪರಿಚಯ ಮಾಡಿಕೊಳ್ಳಿ. ಪಿಯುಸಿ ಆದವರಿಗೆ ಅಲ್ಲಿ ಬಿವಿಎ (ದೃಶ್ಯಕಲೆಯ) ಪದವಿಯೂ ಇದೆ. ಪುಟ ಕೈಗೆ ಕೊಟ್ಟು "ಹೇಗಿದೆ ಅಣ್ಣಾ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬಂದು ಅಲ್ಲಿಗೆ ಮಾತು ಮುಗಿಯುತ್ತದೆ. "ಮೂರನೇ ಪ್ಯಾನೆಲ್‌ನಲ್ಲಿ ಇವನು ಕೂತಿದ್ದಾನೋ, ನಿಂತಿದ್ದಾನೋ?" ಎಂದು ಕೇಳಿ.